ಯಜ್ದ್‌ನಲ್ಲಿ ಒಂದು ದಿನ: ನೀರು, ಗಾಳಿಯ ಜಾಡು ಹಿಡಿದು ಹಳೇ ಊರು ಸುತ್ತುವ ಬಗೆ

ಇರಾನ್ ಪ್ರವಾಸ ಹೊರಟವರು ಇಸ್ಫಹಾನ್‌ಗೆ, ಶಿರಾಜ್‌ಗೆ ಧಾರಾಳವಾಗಿ ದಿನ ಎತ್ತಿಡುತ್ತಾರೆ. ಯಜ್ದ್‌ ಪಾಲಿಗೆ ಉಳಿಯುವುದು ಹೆಚ್ಚಾಗಿ ಒಂದೇ ದಿನ. ಒಂದು ದಿನದಲ್ಲೂ ಈ ಊರನ್ನು ಚೆನ್ನಾಗಿ ನೋಡಬಹುದು. ಆದರೆ ಯಾವುದನ್ನು ಯಾವ ಹೊತ್ತಿಗೆ ನೋಡುತ್ತೀರಿ ಅನ್ನುವುದು ತುಂಬಾ ಮುಖ್ಯ. ಇಲ್ಲಿನ ಬಿಸಿಲು ಯಾರ ಮಾತನ್ನೂ ಕೇಳುವುದಿಲ್ಲ. ಊರಿನವರೇ ಅದಕ್ಕೆ ತಲೆಬಾಗಿ ದಿನವನ್ನು ಎರಡು ಭಾಗ ಮಾಡಿಕೊಂಡಿದ್ದಾರೆ. ನೀವೂ ಹಾಗೇ ಮಾಡಬೇಕು.

ಯಜ್ದ್ ಇರುವುದು ಇರಾನಿನ ನಡುಭಾಗದಲ್ಲಿ. ಒಂದು ಕಡೆ ದಶ್ತೆ ಕವೀರ್, ಇನ್ನೊಂದು ಕಡೆ ದಶ್ತೆ ಲೂತ್, ಎರಡೂ ಮರುಭೂಮಿ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ. ವರ್ಷವಿಡೀ ಬೀಳುವ ಮಳೆ ಸುಮಾರು 60 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಒಂದೇ ದಿನಕ್ಕೆ ಇದಕ್ಕಿಂತ ಜಾಸ್ತಿ ಸುರಿಯುವುದುಂಟು. ನದಿ ಇಲ್ಲ, ಕೆರೆ ಇಲ್ಲ. ಆದರೂ ನೂರಾರು ವರ್ಷಗಳಿಂದ ಇಲ್ಲೊಂದು ದೊಡ್ಡ ಊರು ಬಾಳಿದೆ. 1272ರ ಸುಮಾರಿಗೆ ಈ ದಾರಿಯಲ್ಲಿ ಹೋದ ಮಾರ್ಕೊ ಪೋಲೊ ಇಲ್ಲಿನ ರೇಷ್ಮೆ ಬಟ್ಟೆಯ ವ್ಯಾಪಾರವನ್ನು ಹೊಗಳಿದ್ದ. 2017ರಲ್ಲಿ ಯುನೆಸ್ಕೊ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರು ಬಾಳಿದ್ದು ನೆಲದ ಕೆಳಗಿನ ನೀರಿನಿಂದ, ಮಾಳಿಗೆಯ ಮೇಲಿನ ಗಾಳಿಯಿಂದ. ಅದಕ್ಕೇ ಗೈಡ್‌ಗೆ ಒಂದು ಮಾತು ಮೊದಲೇ ಹೇಳಿ: "ಮಸೀದಿ, ಅರಮನೆ ಆಮೇಲೆ. ಮೊದಲು ನೀರು ತೋರಿಸಿ." ನೀರು ಅರ್ಥವಾದರೆ ಉಳಿದ ಕಟ್ಟಡಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹೊರಡುವ ಮೊದಲು

ಮೊದಲ ಕೆಲಸ, ಭಾರತದ ವಿದೇಶಾಂಗ ಸಚಿವಾಲಯ ಇರಾನ್ ಬಗ್ಗೆ ಹೊರಡಿಸಿರುವ ಸೂಚನೆ ಓದುವುದು. ಬೇಡ ಅಂದಿದ್ದರೆ ಹೋಗಬೇಡಿ, ಮುಂದಕ್ಕೆ ಹಾಕಿ. ವೀಸಾ ವಿಷಯವೂ ಅಷ್ಟೇ. 2024ರ ಫೆಬ್ರವರಿಯಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ಬೇಡ ಅಂದಿದ್ದರು. 2025ರ ನವೆಂಬರ್‌ನಲ್ಲಿ ಆ ಸವಲತ್ತು ನಿಲ್ಲಿಸಿದರು. ಹಾಗಾಗಿ ಹಳೇ ವಿಡಿಯೊ ನೋಡಿಕೊಂಡು ಟಿಕೆಟ್ ಮಾಡಬೇಡಿ. ಇರಾನ್ ರಾಯಭಾರ ಕಚೇರಿಯಿಂದಲೇ ಖಚಿತ ಮಾಡಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಯಾವುದೂ ಅಲ್ಲಿ ನಡೆಯುವುದಿಲ್ಲ. ಎಟಿಎಂನಲ್ಲಿ ಒಂದು ಪೈಸೆ ಬರುವುದಿಲ್ಲ. ಇಡೀ ಪ್ರವಾಸದ ಖರ್ಚನ್ನು ಯೂರೊ ಅಥವಾ ಡಾಲರ್ ನೋಟಿನಲ್ಲಿ ಒಯ್ಯಬೇಕು. ನೋಟು ಹರಿದಿರಬಾರದು, ಗೀಚಿರಬಾರದು. ಬೆಲೆ ಹೇಳುವಾಗ ಜನ ತುಮಾನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ತುಮಾನ್ ಅಂದರೆ ಹತ್ತು ರಿಯಾಲ್. ಅಂಗಡಿಯಲ್ಲಿ "ತುಮಾನ್ ಯಾ ರಿಯಾಲ್?" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಲ ಯಾವುದು ಒಳ್ಳೆಯದು? ಏಪ್ರಿಲ್, ಮೇ ಮೊದಲ ಭಾಗ, ಅಕ್ಟೋಬರ್, ನವೆಂಬರ್. ಜೂನ್‌ನಿಂದ ಆಗಸ್ಟ್‌ವರೆಗೆ ಉಷ್ಣಾಂಶ 40 ಡಿಗ್ರಿ ಸಲೀಸಾಗಿ ದಾಟುತ್ತದೆ. ಚಳಿಗಾಲದ ರಾತ್ರಿ ಸ್ವೆಟರ್ ಸಾಲುವುದಿಲ್ಲ. ಮಾರ್ಚ್ 21ರ ಹೊತ್ತಿಗೆ ನೌರೂಜ್, ಅಂದರೆ ಅವರ ಹೊಸ ವರ್ಷ. ಆಗ ಎರಡು ವಾರ ಇಡೀ ಇರಾನ್ ಪ್ರವಾಸದಲ್ಲಿರುತ್ತದೆ, ಕೋಣೆ ಸಿಗುವುದೇ ಕಷ್ಟ. ವಾರದ ರಜೆ ಶುಕ್ರವಾರ. ಅವತ್ತು ಬಜಾರ್ ಮುಚ್ಚಿರುತ್ತದೆ.

ಬಟ್ಟೆ: ಹೆಂಗಸರು ತಲೆಗೆ ಸ್ಕಾರ್ಫ್, ಸೊಂಟ ಮುಚ್ಚುವ ಸಡಿಲ ಮೇಲಂಗಿ ಹಾಕಬೇಕು. ನಮ್ಮ ಉದ್ದನೆ ಕುರ್ತಾ, ದುಪಟ್ಟಾ ಚೆನ್ನಾಗಿ ಹೊಂದುತ್ತವೆ. ಗಂಡಸರು ಚಡ್ಡಿ ಹಾಕಿಕೊಂಡು ತಿರುಗಬೇಡಿ. ಕಾಲಿಗೆ ಮಾತ್ರ ಒಳ್ಳೇ ಶೂ ಇರಲಿ. ಸಂಜೆ ನೋಡಲಿರುವ ದಿಬ್ಬ ಹತ್ತುವಾಗ ಸಡಿಲ ಜಲ್ಲಿ ಜಾರುತ್ತದೆ.

ಗೈಡ್ ಆರಿಸುವಾಗ ಸರ್ಕಾರದ ಪರವಾನಗಿ ಕಾರ್ಡ್ ಇದೆಯಾ ಅಂತ ಕೇಳಿ. ಇಡೀ ದಿನಕ್ಕೆ ಎಷ್ಟು, ಅದರಲ್ಲಿ ಟ್ಯಾಕ್ಸಿ, ಪ್ರವೇಶ ಟಿಕೆಟ್, ಊಟ ಸೇರಿದೆಯಾ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ಇರಾನಿಯರಲ್ಲಿ ತಾರೊಫ್ ಅಂತ ಒಂದು ಮರ್ಯಾದೆಯ ಪದ್ಧತಿ ಇದೆ. ಟ್ಯಾಕ್ಸಿಯವರು, ಅಂಗಡಿಯವರು ಮೊದಲು "ದುಡ್ಡು ಬೇಡ, ಬಿಡಿ" ಅನ್ನುತ್ತಾರೆ. ಅದನ್ನು ನಂಬಿ ಇಳಿದು ಹೋಗಬಾರದು. ಎರಡು ಮೂರು ಸಲ ಒತ್ತಾಯ ಮಾಡಿ ಕೊಡಬೇಕು. ಅವರ ಮನಸ್ಸಿನಲ್ಲೂ ಅದೇ ಇರುತ್ತದೆ.

ಉಳಿಯಲು ಹಳೇ ಊರಿನೊಳಗಿನ ಅಂಗಳದ ಮನೆಯನ್ನೇ ಹಿಡಿಯಿರಿ. ಹಳೇ ವ್ಯಾಪಾರಿಗಳ ಎಷ್ಟೋ ಮನೆಗಳು ಈಗ ಹೋಟೆಲ್ ಆಗಿವೆ. ಹೊಸ ಊರಿನ ಹೋಟೆಲ್‌ನಲ್ಲಿ ಇಳಿದರೆ ಬೆಳಗಿನ ಮೊದಲ ಎರಡು ತಾಸು ಕಳೆದುಕೊಳ್ಳುತ್ತೀರಿ. ದಿನದಲ್ಲಿ ಅತಿ ಚೆನ್ನಾದ ಹೊತ್ತು ಅದೇ.

ಬೆಳಿಗ್ಗೆ ಆರೂವರೆ: ಫಹಾದಾನ್ ಗಲ್ಲಿಗಳು

ತಿಂಡಿಗೂ ಮೊದಲೇ ಹೊರಡಿ. ಫಹಾದಾನ್ ಹಳೇ ಊರಿನ ಹಳೇ ಕೇರಿ. ಗೋಡೆ, ಗುಮ್ಮಟ, ಮಾಳಿಗೆ ಎಲ್ಲ ಹಸಿ ಇಟ್ಟಿಗೆಯವು. ಮೇಲೆ ಮಣ್ಣು, ಹುಲ್ಲು ಕಲಸಿ ಮೆತ್ತಿರುತ್ತಾರೆ. ಇದಕ್ಕೆ ಕಾಹ್‌ಗೆಲ್ ಅನ್ನುತ್ತಾರೆ. ಹತ್ತಿರ ನಿಂತು ನೋಡಿದರೆ ಹುಲ್ಲಿನ ಕಡ್ಡಿಗಳು ಬಿಸಿಲಿಗೆ ಮಿನುಗುವುದು ಕಾಣುತ್ತದೆ. ಈ ಗೋಡೆಗಳು ದಪ್ಪವಾಗಿರುವುದರಿಂದ ಹಗಲಿನ ಬಿಸಿ ಒಳಕ್ಕೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ.

ಗಲ್ಲಿಗಳು ಬೇಕೆಂದೇ ಕಿರಿದು, ಬೇಕೆಂದೇ ಅಂಕುಡೊಂಕು. ಮರಳುಗಾಳಿ ನೇರವಾಗಿ ನುಗ್ಗಬಾರದು, ಯಾವ ಹೊತ್ತಿನಲ್ಲೂ ಒಂದು ಗೋಡೆಯ ನೆರಳಾದರೂ ಸಿಗಬೇಕು. ಅಲ್ಲಲ್ಲಿ ಗಲ್ಲಿಯ ಮೇಲೆ ಕಮಾನು ಕಟ್ಟಿ ಮುಚ್ಚಿದ್ದಾರೆ. ಅದು ಸಾಬಾತ್. ನೆರಳೂ ಆಯಿತು, ಎದುರುಬದುರು ಗೋಡೆಗಳಿಗೆ ಊರೆಯೂ ಆಯಿತು.

ಹಳೇ ಬಾಗಿಲುಗಳ ಮುಂದೆ ಸ್ವಲ್ಪ ನಿಲ್ಲಿ. ಎರಡು ಕದ, ಎರಡು ಬೇರೆ ಬೇರೆ ಬಡಿಗೆ. ಒಂದು ದಪ್ಪ ಸಲಾಕೆಯಂತಿದೆ, ಬಡಿದರೆ ಭಾರದ ಸದ್ದು, ಅದು ಗಂಡಸರಿಗೆ. ಇನ್ನೊಂದು ಬಳೆಯಂಥ ಉಂಗುರ, ತೆಳು ಸದ್ದು, ಅದು ಹೆಂಗಸರಿಗೆ. ಒಳಗಿದ್ದವರಿಗೆ ಬಂದವರು ಯಾರೆಂದು ಸದ್ದಿನಲ್ಲೇ ತಿಳಿಯುತ್ತಿತ್ತು, ಅದರಂತೆ ಬಾಗಿಲು ತೆಗೆಯಲು ಯಾರು ಹೋಗಬೇಕು ಅಂತ ತೀರ್ಮಾನವಾಗುತ್ತಿತ್ತು. ದಯವಿಟ್ಟು ಸುಮ್ನೆ ಬಡಿದು ನೋಡಬೇಡಿ. ಒಳಗೆ ಜನ ಇನ್ನೂ ವಾಸವಿದ್ದಾರೆ.

ಇದೇ ಕೇರಿಯಲ್ಲಿ "ಅಲೆಕ್ಸಾಂಡರನ ಸೆರೆಮನೆ" ಅಂತ ಒಂದು ಕಟ್ಟಡ ತೋರಿಸುತ್ತಾರೆ. ಹೆಸರು ದೊಡ್ಡದು. ಅದು 13ನೇ ಶತಮಾನದ ಒಂದು ಮದರಸಾ. ಹೊತ್ತು ಕಡಿಮೆ ಇದ್ದರೆ ಹೊರಗಿನಿಂದ ನೋಡಿ ಮುಂದೆ ಹೋಗಿ. ಪಕ್ಕದ ಹನ್ನೆರಡು ಇಮಾಮರ ಗುಮ್ಮಟ 11ನೇ ಶತಮಾನದ್ದು. ನನಗೆ ಸೆರೆಮನೆಗಿಂತ ಅದೇ ಹೆಚ್ಚು ಹಿಡಿಸುತ್ತದೆ.

ಒಂಬತ್ತರ ಹೊತ್ತಿಗೆ: ನೀರಿನ ಮ್ಯೂಸಿಯಂ

ತಿಂಡಿ ಮುಗಿಸಿ ಇಲ್ಲಿಗೆ ಬನ್ನಿ. ಅಮೀರ್ ಚಖ್ಮಾಖ್ ಚೌಕದ ಹತ್ತಿರ ಇದೆ, ಒಬ್ಬ ವ್ಯಾಪಾರಿಯ ಹಳೇ ಮನೆ. ದೊಡ್ಡದೇನಲ್ಲ. ಒಂದು ತಾಸು ಸಾಕು, ಆದರೆ ಆ ಒಂದು ತಾಸನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ.

ಕನಾತ್ ಅಂದರೆ ನೆಲದೊಳಗಿನ ಸುರಂಗ ಕಾಲುವೆ. ಯಜ್ದ್‌ನ ನೈಋತ್ಯಕ್ಕೆ ಶೀರ್‌ಕೂಹ್ ಬೆಟ್ಟ, 4,000 ಮೀಟರ್‌ಗೂ ಎತ್ತರ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಇಂಥ ಬೆಟ್ಟಗಳ ತಪ್ಪಲಲ್ಲಿ ಮೊದಲು ಆಳವಾದ ಬಾವಿ ತೋಡುತ್ತಿದ್ದರು. ಅದು ತಾಯಿಬಾವಿ. ಅಲ್ಲಿ ಸಿಕ್ಕ ನೀರನ್ನು ಊರಿನ ಕಡೆಗೆ ತೀರಾ ಸಣ್ಣ ಇಳಿಜಾರಿನ ಸುರಂಗದಲ್ಲಿ ಹರಿಸುತ್ತಿದ್ದರು. ಇಳಿಜಾರು ಜಾಸ್ತಿಯಾದರೆ ನೀರು ಸುರಂಗವನ್ನೇ ಕೊರೆಯುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ಅಷ್ಟಷ್ಟು ದೂರಕ್ಕೆ ಒಂದೊಂದು ಬಾವಿ, ಮಣ್ಣು ಎತ್ತಲಿಕ್ಕೆ, ಗಾಳಿಗೆ. ಪಂಪ್ ಇಲ್ಲ, ಮೋಟಾರ್ ಇಲ್ಲ. ನೀರು ತನ್ನ ಪಾಡಿಗೆ ತಾನು ಹರಿದು ಬರುತ್ತದೆ, ಬಿಸಿಲಿಗೆ ಆವಿಯಾಗುವುದೂ ಇಲ್ಲ.

ಸುರಂಗ ತೋಡುವವರು ಮುಕನ್ನಿಗಳು. ಅವರ ಬಿಳಿ ಹತ್ತಿ ಬಟ್ಟೆ, ರಾಟೆ, ಚರ್ಮದ ಬುಟ್ಟಿ, ಎಣ್ಣೆ ದೀಪ ಮ್ಯೂಸಿಯಂನಲ್ಲಿವೆ. ಕತ್ತಲಲ್ಲಿ ಬಿಳಿ ಕಾಣುತ್ತದೆ ಅನ್ನುವುದು ಒಂದು ಕಾರಣ. ಸುರಂಗ ಕುಸಿದರೆ ಅದೇ ಬಟ್ಟೆ ಕಫನ್, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ ಆಗಲಿ ಅನ್ನುವುದು ಇನ್ನೊಂದು ಕಾರಣ ಅಂತ ಅಲ್ಲಿಯವರು ಹೇಳುತ್ತಾರೆ. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಅಂತ ಅರ್ಥ, ಕೂಡಲೇ ಮೇಲೆ ಬರಬೇಕು. ಆ ಅಂಗಿಯ ಮುಂದೆ ನಿಂತಾಗ ಮೇಲಿನ ಊರಿನ ಅಂದಚೆಂದವೆಲ್ಲ ಯಾರ ಬೆನ್ನಮೇಲೆ ನಿಂತಿದೆ ಅನ್ನುವುದು ತಿಳಿಯುತ್ತದೆ.

ಅಲ್ಲೇ ತಳದಲ್ಲಿ ತೂತಿರುವ ಒಂದು ತಾಮ್ರದ ಬಟ್ಟಲು ಕೇಳಿ ನೋಡಿ. ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಅದನ್ನು ತೇಲಿಬಿಡುತ್ತಿದ್ದರು. ಬಟ್ಟಲು ತುಂಬಿ ಮುಳುಗಿದರೆ ಒಂದು ಪಾಲಿನ ಹೊತ್ತು ಮುಗಿಯಿತು, ಮುಂದಿನ ರೈತನ ಹೊಲಕ್ಕೆ ನೀರು ತಿರುಗಿಸಬೇಕು. ನಮ್ಮಲ್ಲಿ ಮುಹೂರ್ತ ನೋಡಲು ಇಡುತ್ತಿದ್ದ ಗಳಿಗೆ ಬಟ್ಟಲಿನದೂ ಇದೇ ಉಪಾಯ.

ಕನ್ನಡದವರಿಗೆ ಕನಾತ್ ದೂರದ ವಿಷಯವೇನಲ್ಲ. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಅದನ್ನು ಕಟ್ಟಿದ್ದು ಇದೇ ಪರ್ಷಿಯನ್ ವಿದ್ಯೆಯಲ್ಲಿ. ಸುರಂಗ ಎರಡು ಕಿಲೋಮೀಟರ್‌ಗೂ ಉದ್ದ, ಮೇಲೆ ಸಾಲಾಗಿ ಬಾವಿಗಳು. ಕೆಲವು ವರ್ಷಗಳ ಹಿಂದೆ ಹೂಳೆತ್ತುವ ಕೆಲಸವೂ ನಡೆಯಿತು. ವಿಜಯಪುರದಲ್ಲೂ ಆದಿಲ್‌ಶಾಹಿ ಕಾಲದ ಸುರಂಗ ಬಾವಿ ಇದೆ. ಯಜ್ದ್‌ಗೆ ಹೋಗುವ ಮೊದಲು ಒಮ್ಮೆ ಬೀದರ್‌ಗೆ ಹೋಗಿ ಬಂದರೆ, ಮ್ಯೂಸಿಯಂನಲ್ಲಿ ನೀವೇ ಗೈಡ್‌ಗೆ ಹೇಳುವಷ್ಟಿರುತ್ತದೆ.

ಇನ್ನೊಂದು ವಿಷಯವನ್ನೂ ಗೈಡ್ ಹತ್ತಿರ ಕೇಳಿ. ಆಳದ ಕೊಳವೆಬಾವಿಗಳು ಬಂದ ಮೇಲೆ ಅಂತರ್ಜಲ ಕೆಳಗಿಳಿಯಿತು, ಎಷ್ಟೋ ಕನಾತ್‌ಗಳು ಬತ್ತಿದವು. ಈಗ ಯಜ್ದ್‌ನ ಕುಡಿಯುವ ನೀರಿನ ದೊಡ್ಡ ಪಾಲು ಇಸ್ಫಹಾನ್ ಕಡೆಯಿಂದ ಪೈಪಿನಲ್ಲಿ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಜಾಮೆ ಮಸೀದಿ, ಆಮೇಲೆ ಬೆಂಕಿಯ ಗುಡಿ

ಮ್ಯೂಸಿಯಂನಿಂದ ಬಜಾರಿನೊಳಗೆ ನಡೆದೇ ಮಸೀದಿಗೆ ಹೋಗಿ. 14ನೇ ಶತಮಾನದ ಕಟ್ಟಡ. ಮುಂಬಾಗಿಲಿನ ಮೇಲೆ ಜೋಡಿ ಮಿನಾರು, ಸುಮಾರು 50 ಮೀಟರ್ ಎತ್ತರ, ಇರಾನಿನಲ್ಲೇ ಅತಿ ಎತ್ತರದವುಗಳಲ್ಲಿ ಸೇರಿವೆ. ಎಲ್ಲರೂ ಕತ್ತೆತ್ತಿ ಫೋಟೊ ತೆಗೆಯುತ್ತಾರೆ. ನೀವೂ ತೆಗೆಯಿರಿ. ಆದರೆ ಆಮೇಲೆ ನೀಲಿ ಹೆಂಚಿನ ಹತ್ತಿರ ಹೋಗಿ. ಅದು ಚಿತ್ರ ಬರೆದ ಹೆಂಚಲ್ಲ. ಒಂದೊಂದು ಬಣ್ಣದ ಹೆಂಚನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಚೂರು ಚೂರಾಗಿ ಜೋಡಿಸಿದ್ದು. ಬಳ್ಳಿಯ ಒಂದು ಎಲೆ ಒಂದು ಚೂರು, ಅದರ ಸುತ್ತಲಿನ ನೀಲಿ ಇನ್ನೊಂದು ಚೂರು.

ಅಂಗಳದಲ್ಲಿ ಕೆಳಕ್ಕಿಳಿಯುವ ಮೆಟ್ಟಿಲುಗಳನ್ನು ಕೇಳಿ. ಕೆಳಗೆ ಹಾಯುವುದು ಜಾರ್ಚ್ ಕನಾತ್. ಸುಮಾರು 80 ಕಿಲೋಮೀಟರ್ ಉದ್ದ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಇರಾನಿನ ಕನಾತ್‌ಗಳಲ್ಲಿ ಇದೂ ಒಂದು. ಜನ ಇಲ್ಲಿಗೇ ಇಳಿದು ಕೈಕಾಲು ತೊಳೆದು ನಮಾಜಿಗೆ ಹೋಗುತ್ತಿದ್ದರು. ನಮಾಜಿನ ಹೊತ್ತಲ್ಲಿ ಪ್ರವಾಸಿಗರು ಹಿಂದೆ ಸರಿದು ನಿಲ್ಲುವುದು ಒಳ್ಳೆಯದು.

ಇಲ್ಲಿಂದ ಟ್ಯಾಕ್ಸಿ ಹಿಡಿದು ಆತಶ್‌ಕದೆಗೆ, ಅಂದರೆ ಜರತುಷ್ಟ್ರರ (ನಮ್ಮ ಪಾರಸಿಗಳ ಧರ್ಮದವರ) ಬೆಂಕಿಯ ಗುಡಿಗೆ ಹೋಗಿ. ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ತಲುಪಬೇಕು. ಕಟ್ಟಡ 1934ರದ್ದು, ಮುಂದೆ ದುಂಡನೆ ಕೊಳ, ಮೇಲೆ ಅವರ ಧರ್ಮದ ಗುರುತಾದ, ರೆಕ್ಕೆ ಬಿಚ್ಚಿದ ಫರವಹರ್. ಕಟ್ಟಲು ಹಣ ಬಂದದ್ದು ಮುಂಬೈಯ ಪಾರಸಿಗಳಿಂದ. ಒಳಗಿನ ಬೆಂಕಿ ಕ್ರಿ.ಶ. 470ರಿಂದ ಆರಿಲ್ಲ ಅನ್ನುವುದು ಅವರ ನಂಬಿಕೆ. ಕಷ್ಟದ ಕಾಲದಲ್ಲಿ ಅದನ್ನು ಊರಿಂದೂರಿಗೆ ಹೊತ್ತು, ಅಕ್ದಾ, ಅರ್ದಕಾನ್ ದಾಟಿಸಿ, 1473ರಲ್ಲಿ ಯಜ್ದ್‌ಗೆ ತಂದರಂತೆ. ಅತಿ ಮೇಲಿನ ದರ್ಜೆಯ ಇಂಥ ಬೆಂಕಿ ಜಗತ್ತಿನಲ್ಲಿ ಒಂಬತ್ತು ಗುಡಿಗಳಲ್ಲಿದೆ. ಎಂಟು ನಮ್ಮ ದೇಶದಲ್ಲಿವೆ: ಉದ್ವಾಡ, ನವಸಾರಿಯಲ್ಲಿ ಒಂದೊಂದು, ಸೂರತ್‌ನಲ್ಲಿ ಎರಡು, ಮುಂಬೈಯಲ್ಲಿ ನಾಲ್ಕು. ಒಂಬತ್ತನೆಯದು ಇದು.

ಭಾರತದ ಬೆಂಕಿಯ ಗುಡಿಗಳಿಗೆ ಪಾರಸಿಗಳಲ್ಲದವರಿಗೆ ಪ್ರವೇಶವಿಲ್ಲ. ಇಲ್ಲಿ ಗಾಜಿನ ಆಚೆಯಿಂದ ಯಾರು ಬೇಕಾದರೂ ನೋಡಬಹುದು. ಕಂಚಿನ ದೊಡ್ಡ ಪಾತ್ರೆ, ಬೂದಿಯ ಮೇಲೆ ನಿಧಾನಕ್ಕೆ ಉರಿಯುವ ಕಟ್ಟಿಗೆ. ಅರ್ಚಕರು ಬಾಯಿ ಮುಚ್ಚುವ ಬಿಳಿ ಬಟ್ಟೆ ಕಟ್ಟಿಕೊಂಡು ಸೌದೆ ಇಡುತ್ತಾರೆ, ಉಸಿರು ಬೆಂಕಿಗೆ ತಾಗಬಾರದು ಅಂತ. ಅವರನ್ನು "ಬೆಂಕಿ ಪೂಜೆ ಮಾಡುವವರು" ಅಂತ ಕರೆಯಬೇಡಿ. ಅವರಿಗದು ನೋವು. ಬೆಂಕಿ ಬೆಳಕಿನ ಗುರುತು, ದೇವರು ಅಹುರಮಜ್ದ.

ನಡು ಮಧ್ಯಾಹ್ನ: ಊಟ, ನಿದ್ದೆ, ಗಾಳಿ

ಒಂದರಿಂದ ನಾಲ್ಕರವರೆಗೆ ಊರು ಮಲಗುತ್ತದೆ. ಅಂಗಡಿಗಳೂ ಹೆಚ್ಚಿನವು ಬಂದ್. ಇದನ್ನು ಲೆಕ್ಕಕ್ಕೆ ಹಿಡಿಯದೆ ಟೂರ್ ಮಾಡಿಸುವ ಗೈಡ್ ನಿಮ್ಮನ್ನು ದಣಿಸುತ್ತಾರೆ ಅಷ್ಟೇ.

ಸಸ್ಯಾಹಾರಿಗಳು ಹಸಿದು ಇರಬೇಕಿಲ್ಲ. ಬದನೆಕಾಯಿಯನ್ನು ಹುರಿದು ಅರೆದು, ಮೊಸರಿನಿಂದ ಮಾಡುವ ಕಶ್ಕ್ ಹಾಕಿದ ಕಶ್ಕೆ ಬಾದೆಂಜಾನ್ ಎಲ್ಲೆಡೆ ಸಿಗುತ್ತದೆ. ಯಜ್ದ್‌ನದೇ ಆದ ಶೂಲಿ ಅಂತ ಒಂದು ಗಟ್ಟಿ ಸಾರಿದೆ. ಸೊಪ್ಪು, ಬೀಟ್‌ರೂಟ್, ಬೇಳೆ, ಹಿಟ್ಟು, ಕೊನೆಗೆ ವಿನಿಗರ್‌ನ ಹುಳಿ. ಬಿಸಿ ರೊಟ್ಟಿ ಜೊತೆ ತುಂಬಾ ಚೆನ್ನ. ಆರ್ಡರ್ ಕೊಡುವಾಗ "ಬೆದೂನೆ ಗೂಶ್ತ್" ಅನ್ನಿ, ಮಾಂಸ ಇಲ್ಲದ್ದು ಅಂತ. ಸಾರಿಗೆ ಮಾಂಸ ಬೇಯಿಸಿದ ನೀರು ಹಾಕಿದ್ದಾರಾ ಅಂತ ಬೇರೆಯಾಗಿ ಕೇಳಿಸಿ. ಮಾಂಸ ತಿನ್ನುವವರಿಗೆ ಒಂಟೆ ಮಾಂಸದ ಅಡುಗೆಯೂ ಇದೆ.

ಊಟವಾಗಿ ಒಂದು ತಾಸು ಮಲಗೆದ್ದು, ಬಿಸಿಲು ಇನ್ನೂ ಜೋರಾಗಿರುವಾಗಲೇ ದೌಲತಾಬಾದ್ ತೋಟಕ್ಕೆ ಹೋಗಿ. ತುಂಬಾ ಟೂರ್‌ಗಳು ಇದನ್ನು ಬೆಳಿಗ್ಗೆ ಇಟ್ಟುಕೊಳ್ಳುತ್ತವೆ, ಅದು ಸರಿಯಲ್ಲ ಅಂತ ನನ್ನ ಅನಿಸಿಕೆ. ಇಲ್ಲಿರುವ ಬಾದ್‌ಗೀರ್, ಅಂದರೆ ಗಾಳಿ ಗೋಪುರ, 33 ಮೀಟರ್‌ಗೂ ಎತ್ತರ. ಊರಿನಲ್ಲಿ ಇದಕ್ಕಿಂತ ಎತ್ತರದ ಗಾಳಿ ಗೋಪುರ ಇಲ್ಲ. ಸೆಕೆ ಇದ್ದಾಗಲೇ ಅದರ ಕೆಲಸ ಗೊತ್ತಾಗುವುದು. ತೋಟ ಕಟ್ಟಿಸಿದ್ದು 18ನೇ ಶತಮಾನದ ನಡುಭಾಗದಲ್ಲಿ, ಯಜ್ದ್‌ನ ಆಡಳಿತಗಾರ ಮೊಹಮ್ಮದ್ ತಕೀ ಖಾನ್. 2011ರಲ್ಲಿ ಯುನೆಸ್ಕೊ ಗುರುತಿಸಿದ ಒಂಬತ್ತು ಪರ್ಷಿಯನ್ ತೋಟಗಳಲ್ಲಿ ಇದೂ ಸೇರಿದೆ.

ಮಂಟಪದೊಳಗೆ ಹೋಗಿ ಗೋಪುರದ ನೇರ ಕೆಳಗೆ ನಿಂತು ಮೇಲೆ ನೋಡಿ. ಎಂಟು ಮುಖದ ಉದ್ದನೆ ಕೊಳವೆ, ಒಳಗೆ ಅಡ್ಡಗೋಡೆಗಳು ಅದನ್ನು ಸೀಳಿ ಭಾಗ ಮಾಡಿವೆ. ಗಾಳಿ ಬೀಸುವ ಕಡೆಯ ಕಂಡಿಯಿಂದ ಒಳಗಿಳಿಯುತ್ತದೆ, ಕೆಳಗಿನ ನೀರಿನ ತೊಟ್ಟಿಯ ಮೇಲೆ ಹಾಯ್ದು ತಂಪಾಗುತ್ತದೆ. ಒಳಗಿನ ಬಿಸಿ ಗಾಳಿ ಎದುರು ಕಡೆಯ ಕೊಳವೆಯಿಂದ ಮೇಲೇರಿ ಹೊರಟುಹೋಗುತ್ತದೆ. ಹೊರಗೆ ಗಾಳಿ ಸ್ವಲ್ಪವೂ ಇಲ್ಲದಾಗಲೂ ಗೋಪುರ ಬಿಸಿ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ. ಒಂದು ಟಿಶ್ಯೂ ಕಾಗದವನ್ನು ತುದಿ ಹಿಡಿದು ತೂಗುಬಿಡಿ. ಒಂದು ಮೂಲೆಯಲ್ಲಿ ಕೆಳಕ್ಕೆ ಒತ್ತುತ್ತದೆ, ಎದುರು ಮೂಲೆಯಲ್ಲಿ ಮೇಲಕ್ಕೆ ಸೆಳೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ಅವರ ಕೈಯಲ್ಲೇ ಮಾಡಿಸಿ.

ಸಂಜೆ

ಸೂರ್ಯ ಮುಳುಗಲು ಒಂದೂವರೆ ತಾಸು ಇರುವಾಗ ಊರಿನ ದಕ್ಷಿಣ ಅಂಚಿನ ದಖ್ಮೆಗಳಿಗೆ ಹೊರಡಿ. ಎರಡು ದಿಬ್ಬ, ಒಂದೊಂದರ ನೆತ್ತಿಯಲ್ಲಿ ದುಂಡನೆ ಗೋಡೆ. ಮಣ್ಣು, ನೀರು, ಬೆಂಕಿ ಮೈಲಿಗೆಯಾಗಬಾರದು ಅಂತ ಜರತುಷ್ಟ್ರರು ಹೆಣವನ್ನು ಇಲ್ಲಿ ಹದ್ದುಗಳಿಗೆ ಬಿಡುತ್ತಿದ್ದರು. 20ನೇ ಶತಮಾನದಲ್ಲಿ ಆ ಪದ್ಧತಿ ನಿಂತಿತು. ಈಗ ಪಕ್ಕದ ಸ್ಮಶಾನದಲ್ಲಿ ಸಿಮೆಂಟ್ ಹಾಕಿದ ಗುಂಡಿಗಳಲ್ಲಿ ಹೂಳುತ್ತಾರೆ. ಒಂದು ದಖ್ಮೆಗೆ ಮಾಣೆಕ್‌ಜೀ ಹತಾರಿಯಾ ಅವರ ಹೆಸರಿದೆ. ಭಾರತದ ಪಾರಸಿಗಳು 1854ರಲ್ಲಿ ಇವರನ್ನು ಇರಾನ್‌ಗೆ ಕಳಿಸಿದ್ದರು. ಅಲ್ಲಿನ ಜರತುಷ್ಟ್ರರ ಮೇಲಿದ್ದ ಜಿಜಿಯಾ ತೆರಿಗೆಯನ್ನು ತೆಗೆಸಲು ದಶಕಗಳ ಕಾಲ ಓಡಾಡಿದರು. 1882ರಲ್ಲಿ ಅದು ರದ್ದಾಯಿತು.

ಹತ್ತಲು ಹದಿನೈದು ಇಪ್ಪತ್ತು ನಿಮಿಷ. ಮಂಡಿ ನೋವಿದ್ದವರು ಕೆಳಗೇ ಉಳಿದು, ಹೆಣದ ಜೊತೆ ಬಂದವರು ತಂಗುತ್ತಿದ್ದ ಮಣ್ಣಿನ ಮನೆಗಳನ್ನು, ಅವುಗಳ ನೀರಿನ ತೊಟ್ಟಿಯನ್ನು ನೋಡಿಕೊಂಡು ಇರಬಹುದು. ಮೇಲೆ ಕೂಗಾಡುವುದು, ಗುಂಡಿಯೊಳಗೆ ಇಳಿದು ಸೆಲ್ಫಿ ತೆಗೆಯುವುದು ಬೇಡ. ಅಲ್ಲಿ ತಮ್ಮ ಅಜ್ಜ ಅಜ್ಜಿಯನ್ನು ಬಿಟ್ಟುಬಂದವರು ಇದೇ ಊರಿನಲ್ಲಿ ಇನ್ನೂ ಇದ್ದಾರೆ.

ಕತ್ತಲಾಗುವ ಹೊತ್ತಿಗೆ ಅಮೀರ್ ಚಖ್ಮಾಖ್ ಚೌಕಕ್ಕೆ ವಾಪಸ್ ಬನ್ನಿ. 15ನೇ ಶತಮಾನದಲ್ಲಿ ತೈಮೂರಿ ಅರಸ ಶಾರುಖ್‌ನ ಕಾಲದಲ್ಲಿ ಇಲ್ಲಿ ಆಳುತ್ತಿದ್ದ ಅಮೀರ್ ಮತ್ತು ಅವನ ಹೆಂಡತಿ ಫಾತಿಮಾ ಖಾತೂನ್ ಶುರುಮಾಡಿದ ಕಟ್ಟಡಗಳಿವು. ದೀಪ ಹಾಕಿದಾಗ ಮೂರು ಅಂತಸ್ತಿನ ಕಮಾನುಗಳು ತುಂಬಾ ಚೆನ್ನಾಗಿ ಕಾಣುತ್ತವೆ. ಮುಂದೆ ನಿಂತಿರುವ ಎಲೆಯಾಕಾರದ ದೊಡ್ಡ ಮರದ ಚೌಕಟ್ಟು ನಖ್ಲ್. ಮೊಹರಂನಲ್ಲಿ ಇಂಥವಕ್ಕೆ ಕಪ್ಪು ಬಟ್ಟೆ ಹೊದಿಸಿ ಶೋಕ ಆಚರಿಸುತ್ತಾರೆ.

ಚೌಕದ ಹತ್ತಿರ ಒಂದು ಹಳೇ ನೀರಿನ ತೊಟ್ಟಿಯನ್ನೇ ಜೂರ್‌ಖಾನೆ, ಅಂದರೆ ಇರಾನಿ ಗರಡಿ ಮನೆ ಮಾಡಿದ್ದಾರೆ. ಗುಮ್ಮಟದ ಕೆಳಗೆ ಎಂಟು ಮೂಲೆಯ ತಗ್ಗಾದ ಅಂಕಣ. ಮುರ್ಶಿದ್ ಅನ್ನುವ ಮುಂದಾಳು ಎತ್ತರದ ಜಾಗದಲ್ಲಿ ಕೂತು ಡೋಲು ಬಡಿಯುತ್ತಾ ಪದ್ಯ ಹಾಡುತ್ತಾರೆ. ಕೆಳಗೆ ಹುಡುಗರಿಂದ ಮುದುಕರವರೆಗೆ ಮರದ ಗದೆ ತಿರುಗಿಸುತ್ತಾರೆ. ವಯಸ್ಸಿನಲ್ಲಿ, ಅನುಭವದಲ್ಲಿ ದೊಡ್ಡವರಿಗೆ ಪ್ರತಿ ಸಲವೂ ಮೊದಲ ಮರ್ಯಾದೆ. ಆಟದ ಹೊತ್ತನ್ನು ಗೈಡ್ ಬೆಳಿಗ್ಗೆಯೇ ವಿಚಾರಿಸಿಟ್ಟಿರಲಿ.

ಕೊನೆಗೆ ಸಿಹಿ. ಅಂಗಡಿಗಳು ಇದೇ ಚೌಕದಲ್ಲಿವೆ. ಕೊತ್ತಾಬ್ ಅಂದರೆ ಬಾದಾಮಿ, ಏಲಕ್ಕಿ ತುಂಬಿ ಕರಿದು ಸಕ್ಕರೆಪುಡಿಯಲ್ಲಿ ಹೊರಳಿಸಿದ ಉಂಡೆ. ಬೆಂಗಳೂರಿಗೆ ಒಯ್ಯಲು ಇದು, ಬಕ್ಲಾವಾ, ಬರ್ಫಿಯಂಥ ಲೋಜ್ ಒಳ್ಳೆಯವು. ಸಕ್ಕರೆಯ ಎಳೆ ಎಳೆ ಸಿಹಿಯಾದ ಪಶ್ಮಕ್ ನಮ್ಮ ಹವೆಯ ತೇವಕ್ಕೆ ಅಂಟಿಕೊಳ್ಳುತ್ತದೆ, ಅಲ್ಲೇ ತಿಂದು ಮುಗಿಸಿ. ತೆರ್ಮೆ, ಅಂದರೆ ಚಿತ್ತಾರ ನೇಯ್ದ ಬಟ್ಟೆ ಕೊಳ್ಳುವುದಿದ್ದರೆ ಕೈಮಗ್ಗದ್ದಾ, ಯಂತ್ರದ್ದಾ ಅಂತ ಕೇಳಿ, ಬೆಲೆಯಲ್ಲಿ ತುಂಬಾ ಅಂತರವಿದೆ.

ಇನ್ನರ್ಧ ದಿನ ಹೊಂದಿಸಲಾದರೆ ಮರುದಿನ ಬೆಳಿಗ್ಗೆ ಮೇಬೋದ್‌ಗೆ ಹೋಗಿ. ಸುಮಾರು 50 ಕಿಲೋಮೀಟರ್, ಇಸ್ಫಹಾನ್ ದಾರಿಯಲ್ಲೇ. ಅಲ್ಲಿ ಮಣ್ಣಿನ ಗುಮ್ಮಟದ ಕೆಳಗೆ ಚಳಿಗಾಲದ ಮಂಜುಗಡ್ಡೆಯನ್ನು ಬೇಸಿಗೆವರೆಗೆ ಕಾಪಾಡುತ್ತಿದ್ದ ಯಖ್‌ಚಾಲ್ ಇದೆ, ಹಳೇ ಮಣ್ಣಿನ ಕೋಟೆ ನಾರೀನ್ ಇದೆ. ಇಸ್ಫಹಾನ್‌ಗೆ ಹೋಗುವವರು ಸಾಮಾನು ಟ್ಯಾಕ್ಸಿಯಲ್ಲೇ ಇಟ್ಟುಕೊಂಡು ಮೇಬೋದ್ ನೋಡಿ ಮುಂದೆ ಹೋಗಬಹುದು. ಚಾಲಕರ ಜೊತೆ ಕಾಯುವ ತಾಸಿನ ದುಡ್ಡನ್ನೂ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ.